ಮಂಗಳ ಹಾಡದ ಆಟ

ಬಣ್ಣ ಹಚ್ಚಿದರೆ ಹುಲಿ, ಬಣ್ಣ ತೊಳೆದರೆ ಇಲಿ. ಸುಂಕಮ್ಮ ತನ್ನ ಗಂಡನ ಬಗ್ಗೆ ಹೇಳುತ್ತಿದ್ದ ಮಾತು ಇದು. ಬೆನ್ನ ಹಿಂದೆ ಅಲ್ಲ, ಅವನ ಎದುರಿಗೇ ಹೇಳುತ್ತಿದ್ದಳು. ಉಚ್ಚೀರಪ್ಪ ಬಯಲಾಟದ ಸಾರಥಿ. ಬಯಲಾಟದಲ್ಲಿ ಸಾರಥಿ ಅಂದರೆ ರಥ ಹೊಡೆಯುವವನಲ್ಲ, ನಗಿಸುವವನು. ರಂಗಕ್ಕೆ ಬಂದ ಎಂಥ ರಾಜನನ್ನಾದರೂ ತಡೆದು, ‘ಯಾರಪ್ಪಾ ನೀನು? ಯಾವೂರು? ಇಲ್ಲಿಗ್ಯಾಕ ಬಂದಿ?’ ಎಂದು ಕೇಳುವ ಹಕ್ಕು ಅವನೊಬ್ಬನದು. ಮುಖಕ್ಕೆ ಬಿಳಿ ಬಣ್ಣ, ಕೆನ್ನೆಗೆ ಕುಂಕುಮ, ತಲೆಗೆ ಕಾಗದದ ಟೊಪ್ಪಿಗೆ ಇಟ್ಟುಕೊಂಡು ನಿಂತನೆಂದರೆ ಇಂದ್ರನ ಮೀಸೆಗೂ ಕೈ ಹಾಕುವ ಆಸಾಮಿ. ಅದೇ ಮನುಷ್ಯ ಬೆಳಗಾಗಿ ಮುಖ ತೊಳೆದನೋ, ಗೌಡನ ಎಮ್ಮೆ ಎದುರಿಗೆ ಬಂದರೂ ದಾರಿ ಬಿಟ್ಟು ನಿಲ್ಲುವನು. ಸುಂಕಮ್ಮನ ಹೊಟ್ಟೆ ಉರಿಯುತ್ತಿದ್ದುದು ಇದಕ್ಕೇ.

ಅವರ ಊರು ಕರಿಬೆಂಚಿ. ಆಲೂರಿನಿಂದ ಆದವಾನಿಗೆ ಹೋಗುವಾಗ ದಾರಿ ಬಿಟ್ಟು ಒಳಗೆ ನಡೆದರೆ ಸಿಗುತ್ತದೆ. ಮಣ್ಣು ಕಪ್ಪು, ಬೆಳೆ ಹತ್ತಿ, ಮಾತು ಕನ್ನಡ, ಕಚೇರಿ ತೆಲುಗು. ಊರ ನಡುವೆ ಹನುಮಪ್ಪನ ಗುಡಿ, ಗುಡಿಯ ಮುಂದೆ ಕಲ್ಲಿನ ಪಡಸಾಲೆ, ಪಡಸಾಲೆಯಾಚೆ ಒಂದು ಬೇವಿನ ಮರ. ಪಡಸಾಲೆಯಲ್ಲಿ ಊರವರು ಕೂರುತ್ತಾರೆ, ಬೇವಿನ ಬುಡದಲ್ಲಿ ಕೇರಿಯವರು ಕೂರುತ್ತಾರೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಒರೆಸಬಹುದಿತ್ತು. ಉಚ್ಚೀರಪ್ಪ, ಸುಂಕಮ್ಮ ಕೇರಿಯವರು.

ಆಂಧ್ರ ರಾಜ್ಯ ಹುಟ್ಟಿದ ಮೇಲೆ ಸರಕಾರದವರು ಊರಿಗೊಂದು ರೇಡಿಯೋ ಕೊಟ್ಟರು. ಊರ ಗೌಡ ಪಂಪನಗೌಡ ಅದನ್ನು ಪಡಸಾಲೆಯ ಕಂಬದ ಪಕ್ಕ ಹಲಗೆಯ ಮೇಲೆ ಇಡಿಸಿ, ಹೂವು ಏರಿಸಿ, ಊದಿನಕಡ್ಡಿ ಬೆಳಗಿದ. ಅದರ ಕಿವಿ ತಿರುಪುವ ಕೆಲಸ ಹತ್ತಿ ಹಿಂಜುವ ದಸ್ತಗಿರಿಯದು. ಸರಕಾರದವರು ತೆಲುಗಿನ ಮೇಲೆ ನಿಲ್ಲಿಸಿ ಹೋದ ಮುಳ್ಳನ್ನು ದಸ್ತಗಿರಿ ದಿನಾ ಸಂಜೆ ಕನ್ನಡಕ್ಕೆ ತಿರುಗಿಸುತ್ತಿದ್ದ. ಗಾಳಿ ಈ ಕಡೆ ಬೀಸಿದರೆ ಬೇವಿನ ಬುಡಕ್ಕೂ ಮಾತು ಕೇಳುತ್ತಿತ್ತು, ಇಲ್ಲದಿದ್ದರೆ ಬರೀ ಗೊರಗೊರ.

ಆಲೂರಿನ ಕಡೆ ಆಟವಾದಾಗ ರೇಡಿಯೋ ಸಾಹೇಬರೊಬ್ಬರು ಉಚ್ಚೀರಪ್ಪನನ್ನು ನೋಡಿದರು. ನೋಡಿ ನಕ್ಕರು, ನಕ್ಕು ಕರೆಸಿಕೊಂಡರು. ಹಾಗೆ ಕೇರಿಯ ಸಾರಥಿ ರೈಲು ಹತ್ತಿ ದೊಡ್ಡ ಊರಿಗೆ ಹೋಗಿ ಮೈಕಿನ ಡಬ್ಬಿಯ ಮುಂದೆ ಮಾತಾಡಿ ಬಂದ. ಮೊದಲ ಸಲ ಮಾತಾಡಿದ್ದು ತುಂಗಭದ್ರೆಯ ಅಣೆಕಟ್ಟಿನಿಂದ ಬರುವ ಕರೆಂಟಿನ ಬಗ್ಗೆ. ‘ಕರೆಂಟು ಬಲೇ ಧರ್ಮಾತ್ಮ ನೋಡ್ರಿ ಭಾಗವತ್ರೆ. ಮುಟ್ಟಿದ್ರ ಎಲ್ರಿಗೂ ಹೊಡೀತೈತಿ. ನೀ ಯಾವ ಪೈಕಿ ಅಂತ ಕೇಳಂಗಿಲ್ಲ’ ಅಂದ. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ‘ನಮ್ಮ ಉಚ್ಚೀರ! ನಮ್ಮೂರವ!’ ಎಂದು ಪಂಪನಗೌಡ ತೊಡೆ ತಟ್ಟಿಕೊಂಡ. ನಗು ಬೇರೆಯವರ ಮನೆ ಬಾಗಿಲಲ್ಲಿ ನಿಂತಿರುವ ತನಕ ಎಲ್ಲರಿಗೂ ಚೆಂದವೇ.

ಮೂರನೇ ಸಲ ಕರೆ ಬಂದದ್ದು ಹತ್ತಿ ಒಡೆಯುವ ಕಾಲಕ್ಕೆ. ಆ ಸಂಜೆ ಊರೆಲ್ಲ ಪಡಸಾಲೆಯಲ್ಲಿ, ಕೇರಿಯೆಲ್ಲ ಬೇವಿನ ಬುಡದಲ್ಲಿ. ಸುಂಕಮ್ಮ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಪುಣ್ಯಕ್ಕೆ ಗಾಳಿ ಈ ಕಡೆಗಿತ್ತು. ಮೊದಲು ಲಾಲಪ್ಪನ ತಾಳ ಕೇಳಿತು. ಲಾಲಪ್ಪ ಕೇರಿಯವನೇ, ಮೇಳದ ಭಾಗವತ. ಆಮೇಲೆ ಗಂಡನ ಧ್ವನಿ.

“ಕೂಡಿದ ದೈವಕ್ಕ ಅಪ್ಪಣಿ ಕೇಳ್ತೀನಿ! ಮಂಗಳ ಹಾಡೂ ತನಕ ಇದು ಸಾರಥಿ ಬಾಯಿ. ಇದಕ್ಕ ತಪ್ಪಿಲ್ಲ, ದಂಡ ಇಲ್ಲ. ಹೂಂ ಅಂತೀರೋ ಇಲ್ಲೋ?”

ಇದು ಆಟದ ಕಟ್ಟಳೆ. ಕೂಡಿದ ಜನವೇ ದೈವ. ಅದು ಹೂಂ ಅಂದರೆ ಸಾರಥಿ ಯಾರಿಗೆ ಏನಂದರೂ ಮಂಗಳ ಹಾಡುವವರೆಗೆ ಕೇಳುವಂತಿಲ್ಲ. ಹುಟ್ಟಿದಾಗಿನಿಂದ ಬಯಲಾಟ ನೋಡಿದ ಜನ, ಎದುರಿಗಿರುವುದು ಮನುಷ್ಯನಲ್ಲ, ಪೆಟ್ಟಿಗೆ ಎಂಬುದನ್ನು ಮರೆತರು. ‘ಹೂಂ!’ ಎಂದು ಪಡಸಾಲೆಗೆ ಪಡಸಾಲೆಯೇ ಕೂಗಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಪಂಪನಗೌಡ.

“ಏನಪಾ ಸಾರಥಿ, ಹೊಸ ಕಾಲ ಬಂತು. ಏನೇನ್ ನೋಡಿದಿ?” ಲಾಲಪ್ಪ ಕೇಳಿದ.

“ಗೆರಿ ನೋಡಿದ್ನಿ ಭಾಗವತ್ರೆ. ಆಂಧ್ರ ಈಕಡಿ, ಮೈಸೂರು ಆಕಡಿ ಅಂತ ಸರಪಳಿ ಹಿಡಕಂಡು ಬಂದು ಗೆರಿ ಎಳದ್ರು. ನನ್ನ ಹೆಣ್ತಿ ತವರುಮನಿ ಆಕಡಿ ಹೋತು, ಆಕಿ ಸಿಟ್ಟು ಮಾತ್ರ ಈಕಡಿ ಉಳೀತು.”

ಬೇವಿನ ಬುಡದ ಹೆಂಗಸರೆಲ್ಲ ಸುಂಕಮ್ಮನನ್ನು ತಿವಿದರು. ಬರಲಿ ಮನೆಗೆ, ಎಂದುಕೊಂಡಳು ಸುಂಕಮ್ಮ. ಆದರೂ ನಗು ತಡೆಯಲಾಗಲಿಲ್ಲ.

“ಆ ಗೆರಿ ದೊಡ್ಡೋರು ಎಳದಾರ, ಬೇಕಂದ್ರ ಅಳಸ್ತಾರ. ನಮ್ಮೂರಾಗ ಇನ್ನೊಂದು ಗೆರಿ ಐತ್ರೀ. ಬೇವಿನ ಗಿಡಕ್ಕೂ ಗುಡಿ ಪಡಸಾಲಿಗೂ ನಡುವ. ಯಾವ ಅಮೀನನ ಸರಪಳಿಗೂ ಅದು ಸಿಗವಲ್ದು. ಈಗ ನೋಡ್ರಿ, ಈ ಡಬ್ಬಿ ಮುಂದ ನಾ ಮಾತಾಡಿದ್ರ ನನ್ನ ಧ್ವನಿ ಹಾರಿ ಹೋಗಿ ಹನುಮಪ್ಪನ ಪಡಸಾಲ್ಯಾಗ ಕುಂದರತೈತಿ. ಅದಕ್ಕ ಹೂವು, ಅದಕ್ಕ ಊದಿನಕಡ್ಡಿ! ಧ್ವನಿಗಿ ಮೈಲಿಗಿ ಇಲ್ಲ. ಆದ್ರ ಆ ಧ್ವನಿ ಹೊತಗಂಡು ತಿರಗೋ ಕಾಲು ಅದಾವಲ್ಲ, ಅವು ಗಿಡದ ಬುಡಕ್ಕ. ಸರಕಾರದೋರೇ, ಧ್ವನಿ ಕಳಸೂ ಯಂತ್ರ ಮಾಡೀರಿ, ಚಲೋ ಆತು. ಕಾಲು ಕಳಸೂ ಯಂತ್ರ ಯಾವಾಗ ಮಾಡ್ತೀರಿ?”

ಪಡಸಾಲೆಯ ನಗು ಅಲ್ಲಿಗೆ ನಿಂತಿತು. ಪೆಟ್ಟಿಗೆಗೆ ಇದೆಲ್ಲ ಎಲ್ಲಿ ಗೊತ್ತು? ಅದು ಮುಂದುವರಿಯಿತು.

“ಓಟಿನ ಟೈಮಿನ್ಯಾಗ ದೊಡ್ಡೋರೊಬ್ರು ನಮ್ಮ ಕೇರಿಗೆ ಬಂದಿದ್ರು. ಸುಡು ಬಿಸಲು. ನೀರು ಕುಡೀರಿ ಎಪ್ಪಾ ಅಂದ್ನಿ. ‘ಓಟು ಮುಗೀಲಿ, ಕುಡೀತೀನಿ’ ಅಂದ್ರು. ಓಟು ಮುಗೀತು, ಗೆದ್ರು, ಹಾರ ಹಾಕಿಸಿಗಂಡ್ರು. ಪಾಪ, ಇನ್ನಾ ಬಾಯಾರಿಕೊಂಡನ ತಿರಗ್ಯಾಡಾಕತ್ಯಾರ!”

“ನಾ ಯಾವಾಗ ನೀರು ಬ್ಯಾಡಂದ್ನಿ?” ಪಂಪನಗೌಡ ಪೆಟ್ಟಿಗೆಗೆ ಕೇಳಿದ.

ಉಚ್ಚೀರಪ್ಪ ಯಾರ ಹೆಸರನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಗೌಡನ ಪಾಡು. ಇಡೀ ಪಡಸಾಲೆ ಅವನ ಮುಖವನ್ನೇ ನೋಡಿತು. ಅಷ್ಟರಲ್ಲಿ ರೇಡಿಯೋದಲ್ಲಿ ಲಾಲಪ್ಪ ಮಂಗಳಕ್ಕೆ ತಾಳ ಎತ್ತಿಕೊಂಡ, ಎತ್ತಿಕೊಂಡದ್ದೇ ತಡ, ಯಾರೋ ನುಣ್ಣಗಿನ ಧ್ವನಿಯವರು ಅಡ್ಡ ಬಂದು ‘ಈಗ ವಾರ್ತೆಗಳು’ ಎಂದರು.

ಅಂದೇ ತಳವಾರ ಮಾರೆಪ್ಪ ಕೇರಿಗೆ ಬಂದ. “ಗೌಡ್ರು ಹೇಳ್ಯಾರ. ನಾಳೆ ಉಚ್ಚೀರ ಬಂದಕೂಡ್ಲೇ ಪಡಸಾಲಿ ಮುಂದ ಅಡ್ಡಬಿದ್ದು, ‘ನಾ ಅಂದಿದ್ದು ಸುಳ್ಳು, ತಪ್ಪಾತು’ ಅನ್ನಬೇಕು. ಇಲ್ಲಂದ್ರ ಕೇರಿಯೋರು ಯಾರೂ ಹತ್ತಿ ಬಿಡಸಾಕ ಬರದು ಬ್ಯಾಡಂತ.” ಹೇಳಿ, ಸುಂಕಮ್ಮನ ಮುಖ ನೋಡದೆ ಹೊರಟುಹೋದ. ಹತ್ತಿ ಬಿಡಿಸುವುದೆಂದರೆ ಕೇರಿಗೆ ವರ್ಷದ ಜೋಳ.

ಸುಂಕಮ್ಮನಿಗೆ ಜೋಳದ ಚಿಂತೆಗಿಂತ ದೊಡ್ಡ ಚಿಂತೆ ಹತ್ತಿತು. ಗಂಡ ಅಡ್ಡ ಬೀಳುತ್ತಾನೆ. ಮುಖ ತೊಳೆದುಕೊಂಡು ಬಂದವನು ಗೌಡನ ಮುಖ ಕಂಡ ಕೂಡಲೇ ಬಿದ್ದೇ ಬೀಳುತ್ತಾನೆ. ದೇಶಕ್ಕೆಲ್ಲ ಕೇಳುವ ಹಾಗೆ ಆಡಿದ ನಿಜವನ್ನು ಧೂಳಲ್ಲಿ ಮೂಗು ತಿಕ್ಕಿ ಸುಳ್ಳು ಅನ್ನುತ್ತಾನೆ. ಅದೊಂದು ಆಗಕೂಡದು ಎಂದುಕೊಂಡಳು.

ಮರುದಿನ ಮಧ್ಯಾಹ್ನ ಉಚ್ಚೀರಪ್ಪ ಬಂದ. ಮುಖದಲ್ಲಿ ಇನ್ನೂ ಬಣ್ಣ ಇತ್ತು. ಬೆವರಿಗೆ ಇಳಿದು ಗಡ್ಡದಲ್ಲಿ ಗಟ್ಟಿಯಾಗಿತ್ತು.

“ರೇಡಿಯೋದಾಗ ಯಾರಿಗಿ ಕಾಣತೈತಂತ ಬಣ್ಣ ಹಚಿಗಂಡಿದ್ದಿ?”

“ಅಲ್ಲಿ ಸಾಹೇಬ್ರೂ ಹಂಗ ಕೇಳಿ ನಕ್ರು. ಬಣ್ಣ ಇಲ್ದ ನನಗ ಮಾತು ಹೊಂಡಂಗಿಲ್ಲ ಸಾಮಿ ಅಂದ್ನಿ.”

“ಅದು ನನಗ ಗೊತ್ತಿಲ್ಲೇನು?” ಎಂದು ಸುಂಕಮ್ಮ ಗೌಡನ ಮಾತು ಹೇಳಿದಳು.

ಉಚ್ಚೀರಪ್ಪ ಕುಕ್ಕರಿಸಿದ. ಬಣ್ಣದ ಅಡಿಯಲ್ಲೇ ಮುಖ ಸಣ್ಣಗಾಯಿತು. ಎದ್ದು ಟೊಪ್ಪಿಗೆ ತೆಗೆದಿಟ್ಟು, ಮುಖ ತೊಳೆಯಲು ತಂಬಿಗೆಗೆ ಕೈ ಹಾಕಿದ. ಅವನು ಹೋಗಿ ಅಡ್ಡ ಬೀಳುವುದಕ್ಕೇ ಹೊರಟಿದ್ದ. ಸುಂಕಮ್ಮನ ಕಣ್ಣು ಕತ್ತಲೆಗಟ್ಟಿತು, ಸಿಟ್ಟಿಗೆ. ಆ ಸಿಟ್ಟಿನಲ್ಲಿಯೇ ಅವಳಿಗೆ ನೆನಪಾಯಿತು.

“ತಡಿ. ಮಂಗಳ ಹಾಡಿದ್ರೇನು ಅಲ್ಲಿ?”

“ಎಲ್ಲಿ ಹಾಡಾದು? ಟೈಮು ಆತಂತ ಕೆಂಪು ದೀಪ ಆರಿಸಿಬಿಟ್ರು.”

ಸುಂಕಮ್ಮ ತಂಬಿಗೆ ಕಸಿದುಕೊಂಡು ನೀರನ್ನು ಕೊಡಕ್ಕೆ ವಾಪಸು ಸುರಿದಳು. “ಹಂಗಾರ ಆಟ ಮುಗದಿಲ್ಲ. ಮಂಗಳ ಆಗದ ಬಣ್ಣ ಯಾರನ ತೊಳೀತಾರೇನು? ತಲಿಗಿ ಇಡು ಟೊಪಿಗಿ.”

ಸಂಜೆ ಪಡಸಾಲೆಯಲ್ಲಿ ಪಂಚಾಯಿತಿ ಕೂತಿತು. ಉಚ್ಚೀರಪ್ಪ ಬೇವಿನ ಬುಡದಲ್ಲಿ ನಿಂತ, ಹೊಸದಾಗಿ ಬಣ್ಣ ತಿದ್ದಿಕೊಂಡು. ತಿದ್ದಿದವಳು ಸುಂಕಮ್ಮ.

“ಅಡ್ಡ ಬೀಳಲೇ!” ಎಂದ ಪಂಪನಗೌಡ.

“ಯಾರಪ್ಪಾ ನೀನು? ಯಾವೂರು? ಇಲ್ಲಿಗ್ಯಾಕ ಬಂದಿ?” ಎಂದ ಉಚ್ಚೀರಪ್ಪ, ಸಾರಥಿಯ ಧ್ವನಿಯಲ್ಲಿ.

ಊರು ದಂಗಾಯಿತು. ಗೌಡ ಎದ್ದು ನಿಂತ. ಆಗ ಉಚ್ಚೀರಪ್ಪ ಕೈಯೆತ್ತಿ ಕೇಳಿದ: “ದೈವ ಹೂಂ ಅಂದಿತ್ತೋ ಇಲ್ಲೋ? ಮಂಗಳ ಆಗೇತೋ ಇಲ್ಲೋ? ಹಿರೇರು ಹೇಳ್ಲಿ.”

ಎಲ್ಲರೂ ಗುಡಿಯ ಪೂಜಾರಿ ಅಂಜಿನಪ್ಪನ ಕಡೆ ನೋಡಿದರು. ಎಂಬತ್ತರ ಮುದುಕ, ಕಟ್ಟಳೆಯ ವಿಷಯದಲ್ಲಿ ಅಪ್ಪನನ್ನೂ ಬಿಡದವನು. “ಗೌಡ್ರೇ, ಎಲ್ರಕಿಂತ ಗಟ್ಟಿಗಿ ಹೂಂ ಅಂದೋರು ನೀವ. ನನ್ನ ಕಿವಿ ಮಂದ, ನನಗನ ಕೇಳಸ್ತು. ಮಂಗಳ ಆಗೂ ತನಕ ಸಾರಥಿನ್ನ ಕೇಳೂ ಹಂಗಿಲ್ಲ.”

“ಹಂಗಾರ ಅಲ್ಲೇ ಗಿಡದ ಬುಡಕ್ಕ ಮಂಗಳ ಹಾಡಿ ಮುಗಸಲಿ!”

“ಅದೂ ಆಗಂಗಿಲ್ಲ,” ಅಂದ ಅಂಜಿನಪ್ಪ, ಬೇಸರದಿಂದಲೇ. “ಅಪ್ಪಣಿ ಎಲ್ಲಿ ಸಿಕ್ಕತೋ ಮಂಗಳ ಅಲ್ಲೇ. ಹೂಂ ಅಂದಿದ್ದು ಪಡಸಾಲ್ಯಾಗ.”

ಅಷ್ಟು ಹೇಳಿದ ಮೇಲೆ ತಾನು ಹೇಳಿದ್ದೇನು ಎಂಬುದು ಮುದುಕನಿಗೂ ಹೊಳೆದಿರಬೇಕು, ಬಾಯಿ ಮುಚ್ಚಿಕೊಂಡ. ಮಾತು ಮಾತ್ರ ಆಗಲೇ ಊರೆಲ್ಲ ಓಡಾಡುತ್ತಿತ್ತು. ಆಟ ಮುಗಿಯಬೇಕಾದರೆ ಉಚ್ಚೀರಪ್ಪ ಪಡಸಾಲೆ ಹತ್ತಬೇಕು. ಹತ್ತಬಾರದು ಎಂದರೆ ಆಟ ಮುಗಿಯುವುದಿಲ್ಲ.

“ನಡೀಲಿ ಹಂಗಾರ. ಎಷ್ಟು ದಿನ ಬಣ್ಣ ಹಚಿಗಂಡು ತಿರಗತಾನೋ ನೋಡ್ತೀನಿ,” ಎಂದು ಗೌಡ ಹೊರಟುಹೋದ.

ತಿರುಗಿದ, ಚೆನ್ನಾಗಿಯೇ ತಿರುಗಿದ. ದಿನಾ ಬೆಳಿಗ್ಗೆ ಸುಂಕಮ್ಮ ಅವನ ಗಲ್ಲ ಹಿಡಿದು ಬಣ್ಣ ಹಚ್ಚುವಳು, ಅವನು ಊರ ಮೇಲೆ ಹೋಗುವನು. ಗೌಡನ ಬಂಡಿ ಎದುರಾದರೆ ದಾರಿ ನಡುವೆ ನಿಂತು, ‘ಯಾರಪ್ಪಾ ನೀನು? ಎಲ್ಲಿಂದ ಬಂದಿ? ಬಿತ್ತಿದೋರು ಯಾರು, ಹತ್ತಿದೋರು ಯಾರು?’ ಎಂದು ಎತ್ತುಗಳನ್ನು ಕೇಳುವನು. ಗೌಡನ ಮನೆಯ ಮುಂದೆ ತಂಬಿಗೆ ಹಿಡಿದು ನಿಂತು, ‘ಬಾಯಾರಿಕಿ ಹೋತೇನ್ರೀ?’ ಎಂದು ವಿಚಾರಿಸುವನು. ಆಲೂರಿನ ಸಂತೆಗೂ ಹಾಗೆಯೇ ಹೋದ. ರೇಡಿಯೋದವನು ಬಂದಾನ ಎಂದು ಜನ ಮುತ್ತಿದರು. ತೆಲುಗಿನವರು ‘ಏಮಯ್ಯಾ, ಈ ರಂಗೇಂದಿ?’ ಎಂದು ಮುಖದ ಬಣ್ಣದ ಬಗ್ಗೆ ಕೇಳಿದರೆ ಅವರಿಗೂ ತೆಲುಗಿನಲ್ಲಿ ಕತೆಯೆಲ್ಲ ಒಪ್ಪಿಸಿದ. ಗೌಡನ ಬಾಯಾರಿಕೆಯ ಸುದ್ದಿ ದೂರದ ಪತ್ತಿಕೊಂಡದ ಪೇಟೆಯವರೆಗೂ ಮುಟ್ಟಿತು.

ಅತ್ತ ಹೊಲದಲ್ಲಿ ಹತ್ತಿ ಒಡೆದು ನಿಂತಿತ್ತು. ಕೇರಿಯವರು ಹೋಗಲಿಲ್ಲ, ಬೇರೆ ಊರಿನವರಿಗೆ ತಮ್ಮ ತಮ್ಮ ಹೊಲದ ಕೆಲಸ. ಗಾಳಿಗೆ ಅರಳೆ ಕಿತ್ತು ಬೇಲಿಗೆ ಸಿಕ್ಕಿಕೊಂಡಿತು. ಕೇರಿಯಲ್ಲಿ ಒಂದು ಹೊತ್ತಿನ ಅಂಬಲಿ ಮಾತ್ರ ಉಳಿಯಿತು. ‘ಸಾಕು ಮಾಡ್ರೇ’ ಎನ್ನುವವರೂ ಇದ್ದರು. ‘ಇಷ್ಟು ದಿನ ತಡದೀವಿ, ಇನ್ನೊಂದೀಟು ತಡೀರಿ’ ಎಂದು ಸುಂಕಮ್ಮ ಮನೆ ಮನೆಗೆ ಹೋಗಿ ಹೇಳಿದಳು. ಊರಲ್ಲಿ ಬೇರೆ ಪೀಕಲಾಟ. ಯಾರದೋ ಎಮ್ಮೆ ದಿನ ತುಂಬದೆ ಕಂದು ಹಾಕಿತು, ಯಾರದೋ ಬಣವೆಗೆ ಗೆದ್ದಲು ಹಿಡಿಯಿತು, ಎಲ್ಲಕ್ಕೂ ಮಂಗಳ ಹಾಡದ ಆಟವೇ ಕಾರಣವಾಯಿತು. ಪಂಪನಗೌಡನಿಗೆ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕೊನೆಗೆ ಮಾರೆಪ್ಪ ಮತ್ತೆ ಬಂದ. “ನಾಳೆ ಸಂಜಿ ಬಂದು ಮಂಗಳ ಹಾಡಿ ಮುಗಸಬೇಕಂತ. ಹತ್ತೋದು, ಹಾಡೋದು, ಇಳಿಯೋದು. ಇಳಿದ ಮ್ಯಾಲೆ ತಪ್ಪಿನ ಮಾತು.”

“ಮಂಗಳ ಒಬ್ನ ಹಾಡಾದಲ್ಲ, ಮೇಳಕ್ಕ ಮೇಳನ ಬರಬೇಕು,” ಎಂದ ಲಾಲಪ್ಪ.

“ಆರತಿ ಹಿಡಿಯಾದು ಹೆಣಮಕ್ಳು. ನಾವೂ ಬರ್ತೀವಿ,” ಎಂದಳು ಸುಂಕಮ್ಮ.

ಮಾರೆಪ್ಪ ಹೋಗಿ ಕೇಳಿಕೊಂಡು ಬಂದ. ಅಂಜಿನಪ್ಪ ಕಟ್ಟಳೆ ಹೌದು ಅಂದನಂತೆ. ಗೌಡ ಮುಖ ತಿರುಗಿಸಿಕೊಂಡನಂತೆ.

ಮರುದಿನ ಹೊತ್ತು ಇಳಿಯುವಾಗ ಅವರು ಪಡಸಾಲೆ ಹತ್ತಿದರು. ಮುಂದೆ ಬಣ್ಣದ ಉಚ್ಚೀರಪ್ಪ, ಹಿಂದೆ ತಾಳದ ಲಾಲಪ್ಪ, ಮೇಳದವರು, ಅವರ ಹಿಂದೆ ಆರತಿ ಹಿಡಿದ ಸುಂಕಮ್ಮ ಮತ್ತು ಕೇರಿಯ ಹೆಂಗಸರು. ಊರವರು ಗೋಡೆಗೆ ಒತ್ತಿ ಕೂತು ಜಾಗ ಬಿಟ್ಟರು. ಕಲ್ಲಿನ ಮೇಲೆ ಕಾಲಿಟ್ಟ ಸುಂಕಮ್ಮನಿಗೆ ಮೊದಲು ಅನಿಸಿದ್ದು, ತಣ್ಣಗಿದೆ ಎಂದು. ಆಮೇಲೆ ಅನಿಸಿದ್ದು, ಇದು ಬರೀ ಕಲ್ಲು ಎಂದು. ತನ್ನ ಮನೆಯ ಮುಂದಿನ ಒಗೆಯುವ ಕಲ್ಲಿನಂಥದೇ ಕಲ್ಲು. ಇಷ್ಟಕ್ಕೇನಾ, ಅಪ್ಪ ಅಜ್ಜಂದಿರೆಲ್ಲ ಬಿಸಿಲಲ್ಲಿ ಕೂತು ಸತ್ತದ್ದು? ಅವಳಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

ಮಂಗಳ ಹಾಡಿದರು. ಆರತಿ ಬೆಳಗಿದರು. ತಾಳ ನಿಂತಿತು. ಕಟ್ಟಳೆಯಂತೆ ಲಾಲಪ್ಪ ನೀರು ಹಾಕಿದ, ಉಚ್ಚೀರಪ್ಪ ಅಲ್ಲೇ ಅಂಚಿನಲ್ಲಿ ಕುಕ್ಕರಿಸಿ ಮುಖ ತೊಳೆದುಕೊಂಡ. ಬಿಳಿ ನೀರು, ಕೆಂಪು ನೀರು ಮೆಟ್ಟಿಲ ಮೇಲೆ ಹರಿಯಿತು. ಎದ್ದು ನಿಂತವನು ಸಾರಥಿಯಲ್ಲ. ಸಿಡುಬಿನ ಕಲೆಯ, ಗುಳಿಬಿದ್ದ ಕೆನ್ನೆಯ, ಕೂಲಿಯ ಉಚ್ಚೀರಪ್ಪ.

“ಆಟ ಮುಗೀತು,” ಎಂದ ಪಂಪನಗೌಡ. ಇಷ್ಟು ದಿನ ಕಾದ ಮಾತು ಅದು. “ಇನ್ನ ಎಲ್ರೂ ಇಳೀರಿ. ಉಚ್ಚೀರಾ, ಈಗ ಬೀಳಲೇ ಅಡ್ಡ.”

ಉಚ್ಚೀರಪ್ಪನ ಕೈಗಳು ತಾವೇ ಜೋಡಿದವು. ಬೆನ್ನು ಬಾಗತೊಡಗಿತು. ಸುಂಕಮ್ಮ ನೋಡಿದಳು. ಇಲ್ಲಿಯ ತನಕ ಬಂದದ್ದೆಲ್ಲ ಈ ಒಂದು ತಂಬಿಗೆ ನೀರಿನಲ್ಲಿ ಹರಿದುಹೋಗುವುದು ಅವಳ ಕಣ್ಣೆದುರಿಗೇ ಇತ್ತು.

ಅವಳು ಆರತಿಯ ತಟ್ಟೆಯನ್ನು ಕೆಳಗಿಟ್ಟು, ರೇಡಿಯೋದ ಹಲಗೆಯ ಮುಂದೆ ಕಾಲು ಮಡಚಿ ಕೂತಳು.

“ಅವನ ಬಣ್ಣ ಹೋತು ಗೌಡ್ರೇ. ನನಗ ಯಾವತ್ತೂ ಬಣ್ಣ ಇದ್ದಿಲ್ಲ. ನನ್ನ ಮಾತಿಗಿ ಯಾವ ದೈವನೂ ಹೂಂ ಅಂದಿಲ್ಲ. ಹಂಗನ ಹೇಳ್ತೀನಿ, ಕೇಳ್ರಿ. ಅವ ಅಂದಿದ್ರಾಗ ಒಂದ್ ಮಾತೂ ಸುಳ್ಳಲ್ಲ. ಗಿಡದ ಬುಡಕ್ಕ ರೇಡಿಯೋ ನೆಟ್ಟಗ ಕೇಳಂಗಿಲ್ಲ. ಇವತ್ತು ಇಲ್ಲೇ ಕುಂತು ವಾರ್ತಾ ಕೇಳಿ ಹೋಗ್ತೀವಿ. ದಸ್ತಗಿರಿ ಅಣ್ಣಾ, ಹಚ್ಚು.”

“ಏ! ತಪ್ಪು ದಂಡ ಬೀಳತೈತಿ!” ಗೌಡನ ಧ್ವನಿ ಒಡೆಯಿತು.

“ಬೀಳ್ಲಿ. ಇದು ಆಟದಾಗಿನ ಮಾತಲ್ಲ. ನನ್ನ ಹೆಸರಿಗಿ ಬೀಳ್ಲಿ, ಸುಂಕಮ್ಮ ಅಂತ.”

ಉಚ್ಚೀರಪ್ಪ ಹೆಂಡತಿಯನ್ನು ನೋಡಿದ, ಜೋಡಿಸಿದ ತನ್ನ ಕೈಗಳನ್ನು ನೋಡಿಕೊಂಡ. ಆ ಕೈಗಳನ್ನು ಬಿಡಿಸಿ ಒದ್ದೆ ಮುಖ ಒರೆಸಿಕೊಂಡ. ಬಂದು ಅವಳ ಪಕ್ಕದಲ್ಲಿ ಕೂತ.

“ನನ್ನ ಹೆಸರಿಗೂ,” ಅಂದ. ಧ್ವನಿ ಸಣ್ಣದಿತ್ತು, ನಡುಗುತ್ತಿತ್ತು, ಸಾರಥಿಯ ಧ್ವನಿಯ ಹತ್ತಿರಕ್ಕೂ ಬರುವಂತಿರಲಿಲ್ಲ. ಆದರೆ ಪಡಸಾಲೆಯಲ್ಲಿ ಅದು ಕೇಳದವರು ಯಾರೂ ಇರಲಿಲ್ಲ. ಲಾಲಪ್ಪ ಕೂತ. ಮೇಳದವರು ಕೂತರು. ಹೆಂಗಸರು ಸೆರಗು ಸರಿ ಮಾಡಿಕೊಂಡು ಕೂತರು.

ದಸ್ತಗಿರಿ ಗೌಡನ ಮುಖ ನೋಡಿದ, ಸುಂಕಮ್ಮನ ಮುಖ ನೋಡಿದ, ರೇಡಿಯೋದ ಕಿವಿ ತಿರುಪಿದ. ನುಣ್ಣಗಿನ ಧ್ವನಿ ವಾರ್ತೆ ಓದತೊಡಗಿತು. ಹಿಂದೆಂದೂ ಇಷ್ಟು ಸ್ಪಷ್ಟವಾಗಿ ಅದನ್ನು ಕೇಳಿರದ ಸುಂಕಮ್ಮ ಕಂಬಕ್ಕೆ ಒರಗಿದಳು.

ಪಂಪನಗೌಡನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಇಳಿದು ಹೋದರೆ ವಾರ್ತೆಯನ್ನು ಬೇವಿನ ಬುಡದಲ್ಲಿ ನಿಂತು ಕೇಳಬೇಕಾಗುತ್ತಿತ್ತು. ಅವನು ಅಲ್ಲೇ ಕೂತ.